ಉಪವಾಸ ಮಾಡಿ ದಪ್ಪಗಾದ ನನ್ನ ಲಿವರು

ಗುಂಡ್ಯಾ, ಚಿನ್ನವ್ವಾ, ನನ್ನ ಮೊಮ್ಮಕ್ಕಳೇ, ಇದು ನಿಮಗೆ. ಶಾಲೆಯ ಹಾಜರಿ ಪುಸ್ತಕದಲ್ಲಿ ನಿಮಗೆ ದೊಡ್ಡ ದೊಡ್ಡ ಹೆಸರುಗಳಿವೆ. ಅವು ನನ್ನ ಬಾಯಿಗೆ ಇನ್ನೂ ಒಗ್ಗಿಲ್ಲ. ಮನೆಯಲ್ಲಿ ಕರೆಯುವ ಹೆಸರೇ ಇಲ್ಲಿ ಇರಲಿ.

ನಾನು ಓದಿದ್ದು ನಮ್ಮೂರ ಶಾಲೆಯಲ್ಲಿ ಐದನೆಯ ತರಗತಿಯವರೆಗೆ. ನಾಲ್ಕು ಜನರ ಮುಂದೆ ಮಾತಾಡಬೇಕೆಂದರೆ ಇವತ್ತಿಗೂ ಸೆರಗು ಬಾಯಿಗೆ ಹೋಗುತ್ತದೆ. ಹಾಗಾಗಿ ಹೇಳಬೇಕಾದದ್ದನ್ನು ಬರೆಯುತ್ತಿದ್ದೇನೆ. ಎರಡು ವರ್ಷದ ಹಿಂದೆ ನನ್ನ ಕಣ್ಣು ಹಳದಿಯಾದದ್ದು ನಿಮಗೆ ನೆನಪಿರಬಹುದು. ನೀವು ಸಣ್ಣವರೆಂದು ಆಗ ನಿಮಗೆ "ಆಯಿಗೆ ಕಾಮಾಲೆ" ಎಂದಷ್ಟೇ ಹೇಳಿದ್ದೆವು. ನಡೆದದ್ದು ಅದಕ್ಕಿಂತ ಹೆಚ್ಚು. ಅದರಲ್ಲಿ ನನ್ನ ದಡ್ಡತನವೂ ಸಾಕಷ್ಟಿದೆ, ಕೊನೆಗೆ ನಾನು ಗೆದ್ದದ್ದೂ ಇದೆ.

ಆ ವರ್ಷ ನಮ್ಮೂರ ಶಾಲೆಯಲ್ಲಿ ಆರೋಗ್ಯ ತಪಾಸಣೆ ಶಿಬಿರ ಇಟ್ಟಿದ್ದರು. ನಿಮ್ಮ ಅವ್ವ ಆಶಾ ಕಾರ್ಯಕರ್ತೆ, ಮನೆಮನೆಗೆ ಹೋಗಿ ಜನರನ್ನು ಕರೆಯುವ ಕೆಲಸ ಅವಳದು. ನಾಟಿ ಹಚ್ಚುವ ಕಾಲ, ಹೆಂಗಸರೆಲ್ಲ ಗದ್ದೆಯಲ್ಲಿದ್ದರು. ಶಿಬಿರ ಖಾಲಿ ಕಂಡು ಸೊಸೆಗೆ ಅವಮಾನವಾಗಬಾರದೆಂದು ನಾನೇ ಹೋಗಿ ಕುರ್ಚಿಯ ಮೇಲೆ ಕೂತೆ. ನನಗೆ ಏನೂ ಆಗಿರಲಿಲ್ಲ. ಸ್ವಲ್ಪ ದಣಿವು, ಬಲಗಡೆ ಪಕ್ಕೆಯ ಕೆಳಗೆ ಭಾರ, ಅಷ್ಟೇ. ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಗಂಗಾವತಿಗೆ ಹೋಗಿ ಸ್ಕ್ಯಾನ್ ಮಾಡಿಸಿ ಎಂದು ಚೀಟಿ ಬರೆದರು. ಸೊಸೆಗೆ ಅವತ್ತು ಬೇರೆ ಕೆಲಸವಿತ್ತು. ನಾನೊಬ್ಬಳೇ ಬಸ್ಸು ಹತ್ತಿದೆ.

ಸ್ಕ್ಯಾನ್ ಮಾಡಿದವರು ಹೇಳಿದ್ದು ನನಗೆ ಅಕ್ಷರಕ್ಕಕ್ಷರ ನೆನಪಿದೆ. "ಲಿವರ್‌ನಾಗ ಕೊಬ್ಬು ತುಂಬೈತಮ್ಮಾ, ಎರಡನೇ ಗ್ರೇಡ್. ಈಗ ಇಳಿಸಿದ್ರ ಇಳೀತೈತಿ. ಹಂಗ ಬಿಟ್ರ ಒಳಗ ಗಾಯ ಆಗಿ ಗಟ್ಟಿ ಆಗತೈತಿ, ಆಮ್ಯಾಲ ಯಾರ ಕೈಯಾಗೂ ಇಲ್ಲ. ಆರು ತಿಂಗಳು ಬಿಟ್ಟು ಮತ್ತ ಬರ್ರಿ."

ಹೊರಗೆ ಬೆಂಚಿನ ಮೇಲೆ ಕಾರಟಗಿ ಕಡೆಯ ಒಬ್ಬ ಮುದುಕ ಕೂತಿದ್ದ. "ಏನಂದ್ರವ್ವಾ?" ಎಂದ. ನಾನು "ಲಿವರ್ ಅಂತ್ರೀ" ಎಂದೆ. ಅವನು ಕಣ್ಣು ಅಗಲಿಸಿ, ಇಡೀ ಸಾಲಿಗೆ ಕೇಳುವ ಹಾಗೆ, "ಅಯ್ಯ! ನೀನೂ ಹಾಕ್ತೀಯೇನಬೇ?" ಎಂದು ಹೆಬ್ಬೆರಳನ್ನು ಬಾಯಿಯ ಹತ್ತಿರ ತಂದು ತೋರಿಸಿದ. ಸಾಲಿನಲ್ಲಿದ್ದವರೆಲ್ಲ ನಕ್ಕರು. ಅವನೂ ತಮಾಷೆಗೇ ಅಂದದ್ದು. ಆದರೆ ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ನಮ್ಮ ಊರುಗಳಲ್ಲಿ ಲಿವರು ಅಂದರೆ ಒಂದೇ ಅರ್ಥ. ಕುಡಿದವರಿಗೆ ಬರುವ ರೋಗ ಅದು. ನಿಮ್ಮ ಅಜ್ಜ ಕೂಡ ಒಂದು ತೊಟ್ಟು ಮುಟ್ಟಿದವರಲ್ಲ. ಅವರು ಹೋದದ್ದು ಹೃದಯದ ಕಾಯಿಲೆಯಿಂದ. ಗಂಡನಿಲ್ಲದ ಹೆಂಗಸಿಗೆ ಲಿವರ್ ಕೆಟ್ಟಿದೆಯಂತೆ ಎಂಬ ಮಾತು ಓಣಿಯಲ್ಲಿ ಹೊರಟರೆ ಹೇಗೆ ತಲೆಯೆತ್ತಿ ತಿರುಗುವುದು? ಬಸ್ಸಿನಲ್ಲಿ ಊರು ಬರುವವರೆಗೆ ಅದೇ ಯೋಚನೆ. ಮನೆಗೆ ಬಂದು ರಿಪೋರ್ಟನ್ನು ದೇವರ ಜಗುಲಿಯ ಮೇಲೆ ಹಾಸಿದ್ದ ಕಾಗದದ ಕೆಳಗೆ ಸೇರಿಸಿದೆ. ನಿಮ್ಮ ಅವ್ವ ಕೇಳಿದಾಗ "ಏನೂ ಇಲ್ಲಂತ, ಗ್ಯಾಸಂತ" ಎಂದೆ. ಊರಿಗೆಲ್ಲ ಆರೋಗ್ಯ ಹೇಳುವ ಸೊಸೆಯ ಮುಂದೆ ಸುಳ್ಳು ಹೇಳಿದೆ.

ಆರು ತಿಂಗಳೆಂದರೆ ಬಹಳ ಕಡಿಮೆ ಅನ್ನಿಸಿತು. ನನಗೆ ತಿಳಿದ ದಾರಿ ಎರಡೇ. ಒಂದು ನಾಟಿ ಔಷಧ, ಇನ್ನೊಂದು ಉಪವಾಸ.

ಹಿಂದಿನ ಮನೆಯ ಮುದುಕಿಯನ್ನು ಕೇಳಿದೆ. ಕುಷ್ಟಗಿಯಲ್ಲಿ ನಮ್ಮ ಸಂಬಂಧಿಕರೊಬ್ಬರಿಗೆ ಲಿವರ್ ಆಗಿದೆ ಎಂದು ಸುಳ್ಳಿಗೆ ಇನ್ನೊಂದು ಸುಳ್ಳು ಸೇರಿಸಿದೆ. ಅವಳು ತನ್ನ ಬೇವಿನ ಮರಕ್ಕೆ ಹಬ್ಬಿದ್ದ ಅಮೃತಬಳ್ಳಿಯನ್ನು ತೋರಿಸಿದಳು. "ಬೆರಳುದ್ದ ಕಡ್ಡಿ ಜಜ್ಜಿ ಕುದಿಸಿ ಕುಡೀಲಿ. ಎಂಟ್ ದಿನ ಸಾಕು" ಎಂದಳು. ಅವಳು ಪ್ರೀತಿಯಿಂದಲೇ ಕೊಟ್ಟದ್ದು, ಅಳತೆಯನ್ನೂ ಹೇಳಿಯೇ ಕೊಟ್ಟದ್ದು. ಬೆರಳುದ್ದಕ್ಕೆ ಇಷ್ಟು ಗುಣವಾದರೆ ಮೊಳದುದ್ದಕ್ಕೆ ಎಷ್ಟು ಗುಣವಾದೀತು ಎಂದು ಲೆಕ್ಕ ಹಾಕಿದವಳು ನಾನು. ದಿನಾ ಬೆಳಿಗ್ಗೆ ಎರಡು ಲೋಟ, ಎರಡು ತಿಂಗಳು. ನೀವು ಕೇಳಿದರೆ ಜೀರಿಗೆ ನೀರು ಎನ್ನುತ್ತಿದ್ದೆ.

ಇನ್ನು ಉಪವಾಸ. ನಿಮ್ಮ ಅಜ್ಜ ಹಾಸಿಗೆ ಹಿಡಿದಾಗ ಅವರು ಎದ್ದು ಓಡಾಡಲಿ ಎಂದು ಸೋಮವಾರ ಮತ್ತು ಶನಿವಾರ ಹಿಡಿದಿದ್ದೆ. ಅವರು ಏಳಲಿಲ್ಲ. ಆದರೂ ಉಪವಾಸ ಬಿಡಲು ಮನಸ್ಸು ಬರಲಿಲ್ಲ. ಬಿಟ್ಟರೆ ಅವರ ಸಲುವಾಗಿ ಮಾಡುವುದು ಇನ್ನೇನೂ ಉಳಿಯುತ್ತಿರಲಿಲ್ಲ. ಈಗ ಲಿವರಿಗಾಗಿ ಗುರುವಾರವನ್ನೂ ಸೇರಿಸಿದೆ. ವಾರದಲ್ಲಿ ಮೂರು ದಿನ ಉಂಡಿಲ್ಲ ಅಂದರೆ ಕೊಬ್ಬು ಎಲ್ಲಿ ಉಳಿದೀತು ಎಂದು ನನ್ನ ಧೈರ್ಯ.

ಕೊಬ್ಬು ಉಳಿಯಿತು, ಜೊತೆಗೆ ಹೊಸ ಕಾಟ ಬಂತು. ಊಟ ಸೇರಲಿಲ್ಲ. ವಾಕರಿಕೆ, ಮೈ ತುರಿಕೆ. ದಸರೆಯ ರಜೆಯಲ್ಲಿ ಒಂದು ದಿನ ಬೆಳಿಗ್ಗೆ ನಿನ್ನ ತಲೆ ಬಾಚುತ್ತಿದ್ದೆ, ಚಿನ್ನವ್ವಾ. ನೀನು ಹೊರಳಿ ನೋಡಿ, "ಆಯೀ, ನಿನ್ನ ಕಣ್ಣಾಗ ಯಾರು ಅರಿಷಿಣ ಹಾಕ್ಯಾರ?" ಎಂದು ಕೇಳಿದೆ. ನಿಮ್ಮ ಅವ್ವ ಒಲೆ ಬಿಟ್ಟು ಬಂದಳು. ನನ್ನ ಕಣ್ಣಿನ ರೆಪ್ಪೆ ಕೆಳಗೆ ಎಳೆದು ನೋಡಿದಳು. ಅವಳ ಮುಖ ನೋಡಿ ನನ್ನ ಸುಳ್ಳುಗಳೆಲ್ಲ ಒಂದೊಂದಾಗಿ ಹೊರಗೆ ಬಂದವು. ಜಗುಲಿಯ ಕಾಗದದ ಕೆಳಗಿನ ರಿಪೋರ್ಟನ್ನೂ ನಾನೇ ತೆಗೆದುಕೊಟ್ಟೆ.

"ಊರ ಮಂದಿ ಎಲ್ಲಾ ನನ್ನ ಮಾತು ಕೇಳತಾರ. ನನ್ನ ಮನ್ಯಾಗ ನಿಮಗ ನಾ ಯಾರೂ ಅಲ್ಲೇನ್ರೀ ಅತ್ತೀ?" ಎಂದಳು. ಬೈದಿದ್ದರೆ ಸಹಿಸಬಹುದಿತ್ತು. ಅವಳು ಅತ್ತುಬಿಟ್ಟಳು.

ಅವತ್ತೇ ಕೊಪ್ಪಳದ ಆಸ್ಪತ್ರೆಗೆ ಹೋದೆವು. ಶಾಲೆ ಇರಲಿಲ್ಲವೆಂದು ನೀವಿಬ್ಬರೂ ಜೊತೆಗೆ ಬಂದಿದ್ದಿರಿ. ಅಲ್ಲಿನ ಡಾಕ್ಟರಮ್ಮ ರಕ್ತ ಪರೀಕ್ಷೆ ನೋಡಿ, ಮೊದಲು ಕೇಳಿದ್ದೇ ಏನೇನು ಔಷಧ ತೆಗೆದುಕೊಂಡಿರಿ ಎಂದು. ಬಳ್ಳಿಯ ಸಂಗತಿ ಸೊಸೆ ಹೇಳಿದಳು. "ಅದು ಎಲ್ಲಾರಿಗೂ ಒಗ್ಗೂದಿಲ್ಲಮ್ಮಾ. ಕೆಲವರಿಗೆ ಲಿವರಿಗೇ ಪೆಟ್ಟು ಕೊಡತೈತಿ. ನೀವಂತೂ ಕೊಡಗಟ್ಟಲೆ ಕುಡದೀರಿ. ಇವತ್ತಿಗೆ ಬಂದ್" ಎಂದರು. ನಾಲ್ಕು ದಿನ ಅಲ್ಲೇ ಇಟ್ಟುಕೊಂಡು ನೋಡುತ್ತೇವೆ ಎಂದರು. ಆಮೇಲೆ ಊಟದ ವಿಚಾರ ಕೇಳಿದರು.

ನಾನು ಸೆರಗಿನ ಒಳಗಿಂದಲೇ, "ವಾರದಾಗ ಮೂರು ದಿನ ಉಪವಾಸರೀ" ಎಂದೆ.

ಅವರು ಪೆನ್ನು ನಿಲ್ಲಿಸಿದರು. "ಮೂರು ದಿನ ಉಪವಾಸ ಇದ್ದೂ ಇಷ್ಟು ತೂಕ ಹೆಂಗ?"

ಗುಂಡ್ಯಾ, ಆಗ ಬಾಯಿ ಹಾಕಿದವನು ನೀನು. "ಡಾಕ್ಟರಮ್ಮಾ, ಆಯಿ ಉಪಾಸ ಇದ್ದ ದಿನ ನಮಗ ಹಬ್ಬರೀ!" ಎಂದು ಬೆರಳು ಮಡಚುತ್ತ ಶುರು ಮಾಡಿದೆ. ತುಪ್ಪದಲ್ಲಿ ಹುರಿದ ಸಾಬುದಾಣಿ ಕಿಚಡಿ. ಶೇಂಗಾ ಉಂಡಿ. ಐದಾರು ಬಾಳೆಹಣ್ಣು. ಸಕ್ಕರೆ ಹಾಕಿದ ಗಟ್ಟಿ ಹಾಲು. ಸಂಜೆಗೆ ಕರಿದ ಆಲೂಗಡ್ಡೆ. ನಡುವೆ ಚಹಾ, ಯಾಕೆಂದರೆ ಚಹಾ ಉಪವಾಸಕ್ಕೆ ನಡೆಯುತ್ತದೆ. ನೀನು ಹೇಳುತ್ತ ಹೋದಂತೆ ಡಾಕ್ಟರಮ್ಮ ತುಟಿ ಕಚ್ಚಿ ನಗು ತಡೆದರು, ನಿಮ್ಮ ಅವ್ವ ಗೋಡೆಯ ಕಡೆಗೆ ತಿರುಗಿದಳು. ಅಷ್ಟು ವರ್ಷ ನಾನು ಊಟ ಬಿಟ್ಟದ್ದು ನಿಜ. ಅನ್ನ ಮುಟ್ಟಿರಲಿಲ್ಲ, ಉಪ್ಪು ಕೂಡ ಉಪವಾಸಕ್ಕೆ ನಡೆಯುವ ಸೈಂಧವವೇ. ಬಿಟ್ಟದ್ದಕ್ಕಿಂತ ಎರಡು ಪಟ್ಟು ಫಳಾರದಲ್ಲಿ ತಿಂದಿದ್ದೆ. ನನಗೇ ಅದು ಗೊತ್ತಿರಲಿಲ್ಲ.

"ಇದಕ್ಕ ಗುಳಿಗಿಕಿಂತ ನಿಮ್ಮ ತಾಟು ದೊಡ್ಡ ಔಷಧ" ಎಂದರು ಡಾಕ್ಟರಮ್ಮ. "ಕಣ್ಣಿನ ಹಳದಿ ಇಳೀಲಿ. ಆಮ್ಯಾಲ ಅನ್ನ ಕಡಿಮಿ ಮಾಡ್ರಿ, ಸಕ್ರಿ ಬಿಡ್ರಿ, ಕರದದ್ದು ಬ್ಯಾಡ. ಕಾಳು, ಸೊಪ್ಪು-ತಪ್ಪಲಾ, ಮಜ್ಜಿಗಿ ತಿನ್ರಿ. ದಿನಾ ಮುಕ್ಕಾಲು ತಾಸು ಚುರುಕಾಗಿ ನಡೀರಿ. ತೂಕ ನಿಧಾನಕ್ಕ ಇಳೀಬೇಕು, ಉಪವಾಸ ಬಿದ್ದು ಅಲ್ಲ."

ಬಳ್ಳಿ ನಿಲ್ಲಿಸಿದ ಮೇಲೆ ಮೂರು ನಾಲ್ಕು ವಾರದಲ್ಲಿ ಹಳದಿ ಇಳಿಯಿತು. ಕೊಬ್ಬು ಹಾಗೇ ಇತ್ತು. ಮತ್ತೆ ಆರು ತಿಂಗಳ ಗಡುವು ಕೊಟ್ಟರು. ಈ ಸಲ ತಪ್ಪಿದರೆ ಒಳಗೆ ಗಾಯ ಶುರುವಾಗಬಹುದು ಎಂಬ ಹೆದರಿಕೆ ನನ್ನನ್ನು ಬಿಡಲಿಲ್ಲ. ಆದರೂ ಉಪವಾಸ ಬಿಡಲು ಕೈ ಬರಲಿಲ್ಲ. ದೇವರಿಗೆ ಕೊಟ್ಟ ಮಾತು, ಅದೂ ನಿಮ್ಮ ಅಜ್ಜನ ಹೆಸರಿನಲ್ಲಿ.

ನನ್ನ ಗೊಂದಲ ನೋಡಿ ನಿಮ್ಮ ಅಪ್ಪ ನನ್ನನ್ನು ಯಲಬುರ್ಗಾ ತಾಲ್ಲೂಕಿನ ನಮ್ಮ ಅಕ್ಕನ ಊರಿಗೆ ಬಿಟ್ಟು ಬಂದ. ನಾವಿಬ್ಬರೂ ಒಂದೇ ತಾಯಿಯ ಮಕ್ಕಳು, ಹುಟ್ಟಿದ್ದು ಎರೆ ನೆಲದಲ್ಲಿ, ಜೋಳ ತಿಂದು ಬೆಳೆದವರು. ನಾನು ಮದುವೆಯಾಗಿ ಕಾಲುವೆ ನೀರಿನ ಸೀಮೆಗೆ ಬಂದೆ. ಇಲ್ಲಿ ಮೂರು ಹೊತ್ತೂ ಅನ್ನ, ರೊಟ್ಟಿ ಬಡಿದರೆ ಬಡವರ ಮನೆ ಎಂಬ ಭಾವನೆ. ವರ್ಷ ಕಳೆದಂತೆ ನನ್ನ ಕೈ ರೊಟ್ಟಿಯನ್ನೇ ಮರೆತಿತ್ತು. ಅಕ್ಕ ನನಗಿಂತ ಆರು ವರ್ಷ ದೊಡ್ಡವಳು, ಒಣಗಿದ ತೊಗರಿ ಕಟ್ಟಿಗೆಯಂತೆ ಇದ್ದಾಳೆ, ಇವತ್ತಿಗೂ ಹೊಲಕ್ಕೆ ನಡೆದು ಹೋಗುತ್ತಾಳೆ. ನನ್ನನ್ನು ಕಂಡವಳೇ, "ಬಾರಬೇ ಗಂಗಾವತಿ ಅಕ್ಕಿ ಚೀಲಾ" ಎಂದು ಬಾಗಿಲಲ್ಲೇ ಸ್ವಾಗತ ಮಾಡಿದಳು.

ಎಲ್ಲ ಹೇಳಿದೆ. ಸಾಬುದಾಣಿ ಮುಗಿಯುವವರೆಗೂ ಕೇಳಿದಳು.

"ಇಷ್ಟೆಲ್ಲಾ ತಿಂದು ಅದಕ್ಕ ಉಪಾಸ ಅಂತ ಹೆಸರು ಇಟ್ಟೀಯಲ್ಲ, ನಿನಗೇನು ಹೇಳಲಿ! ನಿನ್ನ ಗಂಡ ಮ್ಯಾಲ ಕುಂತು ತಲಿ ತಲಿ ಬಡಕೊಂಡಿರಬೇಕು."

"ನಗಬ್ಯಾಡಕ್ಕಾ. ಬಿಟ್ರ ಅವರಿಗೆ ಕೊಟ್ಟ ಮಾತು ತಪ್ಪಿದಂಗ ಆಗತೈತಿ."

ಅಕ್ಕ ಆಗ ನಗಲಿಲ್ಲ. ಜೋಳ ಹಸನು ಮಾಡುತ್ತಿದ್ದ ಮೊರ ಕೆಳಗಿಟ್ಟಳು. "ದೇವರಿಗೆ ಬೇಕಾಗಿರೂದು ಏನು? ನಿನಗ ಬೇಕಾದ್ದು ನೀ ಬಿಡೂದು. ನಿನಗ ಅನ್ನಕಿಂತ ಸಕ್ರಿ ಮ್ಯಾಲ ಜೀವ. ಸಣ್ಣಾಕಿ ಇದ್ದಾಗ ಬೆಲ್ಲದ ಡಬ್ಬಿ ಯಾರು ಖಾಲಿ ಮಾಡತಿದ್ರು ನನಗ ಗೊತ್ತಿಲ್ಲೇನು? ವಾರದಾಗ ಮೂರು ದಿನ ಅನ್ನ ಬಿಡೂ ಬದಲಿ ಏಳೂ ದಿನ ಸಿಹಿ ಬಿಡು. ಅದು ಖರೇ ಉಪಾಸ."

ಮರುದಿನ ಸೋಮವಾರ. ಇಬ್ಬರೂ ಊರ ಹೊರಗಿನ ಗುಡಿಗೆ ನಡೆದು ಹೋದೆವು. ಕಾಯಿ ಒಡೆಸಿ, ಇನ್ನು ಮೇಲೆ ಸಿಹಿಯೇ ನನ್ನ ಉಪವಾಸ ಎಂದು ಕೈಮುಗಿದೆ. ನಿಮ್ಮ ಅಜ್ಜನಿಗೂ ಮನಸ್ಸಿನಲ್ಲೇ ಹೇಳಿದೆ. ಹಗುರಾದಂತೆ ಅನ್ನಿಸಿತು. ಬರುವ ದಾರಿಯಲ್ಲಿ ಅಕ್ಕ, "ಪ್ರಸಾದದ ಸಕ್ರಿ ಇಲ್ಲಿ ತಾ, ನಾ ತಿಂತೀನಿ" ಎಂದು ನನ್ನ ಕೈಯಿಂದಲೇ ಕಸಿದುಕೊಂಡಳು.

ತಿಂಗಳೊಪ್ಪತ್ತು ಅಲ್ಲೇ ಇದ್ದೆ. ಬೆಳಿಗ್ಗೆ ಒಂದು ಜೋಳದ ರೊಟ್ಟಿ, ಪುಂಡಿ ಪಲ್ಯ. ಮಧ್ಯಾಹ್ನ ಮಡಕೆ ಕಾಳೋ ಹೆಸರು ಕಾಳೋ, ಹಸಿ ಹಕ್ಕರಕಿ ಸೊಪ್ಪು, ಮೆಂತ್ಯದ ಸೊಪ್ಪು, ಅಗಸಿ ಚಟ್ನಿ, ನೀರು ಮಜ್ಜಿಗೆ. ದೀಪ ಹಚ್ಚುವ ಹೊತ್ತಿಗೆ ಒಂದು ರೊಟ್ಟಿ ತಿಂದು ಮುಗಿಸುವುದು. ಮೊದಲ ವಾರ ಸಿಹಿ ಚಹಾ ಇಲ್ಲದೆ ತಲೆ ಸಿಡಿಯಿತು. ಎರಡನೆಯ ವಾರ ಅಕ್ಕನ ಹೊಲದವರೆಗೆ ನಡೆಯುವಾಗ ದಾರಿಯಲ್ಲಿ ಎರಡು ಕಡೆ ಕೂತೆ. ಮೂರನೆಯ ವಾರ ಒಂದು ಕಡೆ. ಆಮೇಲೆ ಕೂರಲಿಲ್ಲ. ರೊಟ್ಟಿ ಬಡಿಯಲೂ ಕೈ ಕೂತಿತು. ಮೊದಲನೆಯದು ಹರಿದು ನಕಾಶೆಯಾಗಿದ್ದರೂ ಕಡೆಗೆ ಅಕ್ಕನೇ "ಪರವಾಗಿಲ್ಲ" ಎಂದಳು. ಅವಳ ಬಾಯಲ್ಲಿ ಆ ಮಾತು ಬರುವುದು ಅಪರೂಪ.

ಊರಿಗೆ ಬಂದ ಮೇಲೆ ಕಷ್ಟವಿದ್ದದ್ದು ಚಹಾದ್ದು. ನಮ್ಮ ಓಣಿಯಲ್ಲಿ ಯಾರ ಮನೆಗೆ ಹೋದರೂ ಸಕ್ಕರೆ ಸುರಿದ ಚಹಾ ಕೈಗೆ ಬರುತ್ತದೆ, ಬೇಡ ಎಂದರೆ ಬೇಸರ. ಬೇಡ ಎನ್ನಲು ಬಾರದೆ ನಾನು ದಿನಕ್ಕೆ ಆರೇಳು ಲೋಟ ಕುಡಿದವಳು. ಈಗ "ಸಿಹಿ ಬಿಟ್ಟೀನಿ, ವ್ರತ ಐತಿ" ಎಂದರೆ ಸಾಕು, ಕೈಮುಗಿದು ಮಜ್ಜಿಗೆ ಕೊಡುತ್ತಿದ್ದರು. ಮನೆಯಲ್ಲಿ ನಿಮ್ಮ ಅವ್ವನೂ ರೊಟ್ಟಿ ಕಲಿತಳು. ಅವಳು ಕಾರಟಗಿಯ ಕಡೆಯವಳು, ಹಿಟ್ಟು ನಾದಿದ್ದೇ ಅವಳಿಗೆ ಹೊಸದು. ನಿಮ್ಮ ಅಪ್ಪ ಮಾತ್ರ, "ಗದ್ದಿ ಮಾಡೋರ ಮನ್ಯಾಗ ರೊಟ್ಟಿ ಸಪ್ಪಳ! ಮಂದಿ ಏನಂದಾರು?" ಎಂದು ನಾಲ್ಕು ದಿನ ಮುನಿಸಿಕೊಂಡ. ಐದನೆಯ ದಿನ ಮೂರು ರೊಟ್ಟಿ ತಿಂದ.

ಎಲ್ಲಕ್ಕಿಂತ ನಾಚಿಕೆಯಾದದ್ದು ನಡೆಯುವುದು. ಹೊಲವಿಲ್ಲದೆ, ಬಾವಿಯಿಲ್ಲದೆ, ಸಂತೆಯಿಲ್ಲದೆ ಒಬ್ಬ ಹೆಂಗಸು ಸುಮ್ಮನೆ ನಡೆಯುವುದುಂಟೇ? ಅದಕ್ಕೆ ಕುಡುಗೋಲು ಮತ್ತು ಖಾಲಿ ಗೋಣಿಚೀಲ ಹಿಡಿದು, ಹುಲ್ಲಿಗೆ ಹೊರಟವಳಂತೆ ಕಾಲುವೆಯ ದಂಡೆಯ ಮೇಲೆ ಹೋಗುತ್ತಿದ್ದೆ. ಹದಿನೈದು ದಿನ ಯಾರೂ ಕೇಳಲಿಲ್ಲ. ಒಂದು ಬೆಳಿಗ್ಗೆ ದಂಡೆಯ ಪಕ್ಕದ ಗದ್ದೆಯಲ್ಲಿ ಏಳೆಂಟು ಜನ ಹೆಂಗಸರು ಎರಡನೆಯ ಬೆಳೆಗೆ ನಾಟಿ ಹಚ್ಚುತ್ತಿದ್ದರು. ಎಲ್ಲರೂ ನಮ್ಮ ಓಣಿಯವರೇ. ಅವರಲ್ಲಿ ಬಾಯಿ ಜೋರಿನವಳೊಬ್ಬಳು ಸೊಂಟ ನೆಟ್ಟಗೆ ಮಾಡಿ ಕೂಗಿದಳು.

"ಅತ್ತೀ, ದಿನಾ ಚೀಲಾ ಒಯ್ತೀರಿ, ದಿನಾ ಖಾಲಿ ತರತೀರಿ! ನಿಮ್ಮ ಎಮ್ಮಿ ಮಾರಿ ಎರಡು ವರ್ಷ ಆತು, ಹುಲ್ಲು ಯಾರಿಗೆ? ಮಗನಿಗೇನು?"

ಗದ್ದೆ ತುಂಬ ನಗು. ನಾನು ಸೆರಗು ಬಾಯಿಗೆ ತಂದೆ. ಗಂಗಾವತಿಯ ಆ ಬೆಂಚೂ, ಹೆಬ್ಬೆರಳೂ ಕಣ್ಣ ಮುಂದೆ ಬಂದವು. ಇನ್ನೊಂದು ಸುಳ್ಳು ನಾಲಿಗೆಯ ತುದಿಯಲ್ಲಿತ್ತು. ಆದರೆ ಸುಳ್ಳು ಹೇಳಿಯೇ ನಾನು ಕಣ್ಣು ಹಳದಿ ಮಾಡಿಕೊಂಡವಳು. ಸೆರಗು ಬಿಟ್ಟೆ.

"ನನಗ ಲಿವರ್‌ನಾಗ ಕೊಬ್ಬು ಆಗೇತಿ. ಕುಡಿದು ಅಲ್ಲ, ತಿಂದು! ಅದನ್ನ ಕರಗ್ಸಾಕ ನಡ್ಯಾಕತ್ತೀನಿ."

ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು. ಒಬ್ಬಳು ಕೈಯಲ್ಲಿದ್ದ ಸಸಿಯ ಕಟ್ಟನ್ನು ನೀರಿಗೆ ಬಿಟ್ಟು, ಮೆಲ್ಲಗೆ, "ನನಗೂ ಅದ ಅಂದಾರ್ರೀ. ಮನ್ಯಾಗ ಹೇಳಿಲ್ಲ" ಎಂದಳು. ಬಾಯಿ ಜೋರಿನವಳು ಒಂದು ಗಳಿಗೆ ನೋಡಿ, "ಕುಡೀದವರಿಗೂ ಬರತೈತೇನ ಅದು? ಹಂಗಾದ್ರ ನಂದೂ ತೋರಿಸ್ಬೇಕವ್ವಾ" ಎಂದು ತನ್ನ ಹೊಟ್ಟೆ ತಟ್ಟಿಕೊಂಡಳು. ಮತ್ತೆ ಎಲ್ಲರೂ ನಕ್ಕರು, ಈ ಸಲ ನಾನೂ ನಕ್ಕೆ.

ಮರುದಿನದಿಂದ ಮೂವರು ನಡೆದೆವು. ತಿಂಗಳು ಕಳೆಯುವಷ್ಟರಲ್ಲಿ ಐವರು. ನಿಮ್ಮ ಅವ್ವ ಎಷ್ಟು ಸಲ ಮನೆಮನೆಗೆ ಹೋಗಿ ಹೇಳಿದರೂ ಆಸ್ಪತ್ರೆಗೆ ಹೋಗದ ಇಬ್ಬರು ತಾವಾಗಿ ತಪಾಸಣೆ ಮಾಡಿಸಿಕೊಂಡು ಬಂದರು. ಅವರಿಗೆ ನಾನು ಮೊದಲು ಹೇಳಿದ ಮಾತು, ಯಾರೋ ಹೇಳಿದರೆಂದು ಬೇರು ಬಳ್ಳಿ ಕುದಿಸಿ ಕುಡಿಯಬೇಡಿ, ಡಾಕ್ಟರನ್ನು ಕೇಳಿ ಎಂದು.

ನಡುವೆ ಜಾರಿದ್ದೂ ಉಂಟು. ಒಂದು ಮದುವೆಯಲ್ಲಿ ಎರಡು ಹೋಳಿಗೆ ತಿಂದೆ. ಮೂರು ದಿನ ಯಾರ ಮುಖವನ್ನೂ ನೋಡದೆ ತಿರುಗಿದೆ. ನಿಮ್ಮ ಅವ್ವ, "ಎರಡು ಹೋಳಿಗಿಗೆ ಯಾರೂ ಸತ್ತಿಲ್ಲರೀ ಅತ್ತೀ, ನಾಳಿಂದ ಮತ್ತ ಶುರು ಮಾಡ್ರಿ" ಎಂದಳು. ದೇವರೂ ಅಷ್ಟೇ ಅಂದಿರಬೇಕು.

ಆರು ತಿಂಗಳಾದ ಮೇಲೆ ಕೊಪ್ಪಳಕ್ಕೆ ಹೋದೆವು. ಸ್ಕ್ಯಾನಿನ ಕೋಣೆಯಲ್ಲಿ ಮಲಗಿ, ಹೊಟ್ಟೆಯ ಮೇಲೆ ತಣ್ಣನೆಯ ಜೆಲ್ಲಿ ಹಚ್ಚಿಸಿಕೊಂಡಾಗ ಒಂದೇ ಯೋಚನೆ. ಇಷ್ಟು ಮಾಡಿಯೂ ಒಳಗೆ ಗಟ್ಟಿಯಾಗಿದ್ದರೆ? ರಿಪೋರ್ಟು ಹಿಡಿದು ಡಾಕ್ಟರಮ್ಮನ ಮುಂದೆ ಕೂತೆವು. ಅವರು ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಆಮೇಲೆ ಇನ್ನೊಮ್ಮೆ ನೋಡಿದರು. ಸೊಸೆ ನನ್ನ ಮೊಣಕೈ ಹಿಡಿದುಕೊಂಡಳು.

"ಕೊಬ್ಬು ಹೆಚ್ಚು ಕಡಿಮಿ ಹೋಗೇತಿ. ಚೂರು ಉಳದೈತಿ, ಅಷ್ಟ. ರಕ್ತ ನಾರ್ಮಲ್. ಗಾಯ ಗೀಯ ಏನೂ ಇಲ್ಲ. ತೂಕ ಒಂಬತ್ತು ಕೆಜಿ ಇಳಿಸೀರಿ! ಏನ್ ಮಾಡಿದ್ರಿ, ಹೇಳ್ರಿ ನೋಡೂಣು?"

ಸೊಸೆ ಬಾಯಿ ತೆರೆದಳು. ನಾನು ಅವಳ ಕೈ ಒತ್ತಿ ತಡೆದೆ. ಸೆರಗು ಭುಜದ ಮೇಲೇ ಇತ್ತು. ರೊಟ್ಟಿಯಿಂದ ಹಿಡಿದು ಕಾಲುವೆ ದಂಡೆಯವರೆಗೆ ಎಲ್ಲವನ್ನೂ ನಾನೇ ಹೇಳಿದೆ. ಬಾಗಿಲ ಹೊರಗೆ ಸರದಿಗೆ ನಿಂತವರೂ ಕೇಳುತ್ತಿದ್ದರು, ಕೇಳಲಿ ಎಂದೇ ಹೇಳಿದೆ. ಮುಗಿದ ಮೇಲೆ ಡಾಕ್ಟರಮ್ಮ, "ಇದನ್ನ ಇಲ್ಲೇ ಬಿಡಬ್ಯಾಡ್ರಿ, ಮುಂದುವರಸ್ರಿ. ಬಿಟ್ರ ಮತ್ತ ಬರತೈತಿ" ಎಂದು ಎಚ್ಚರಿಸಿದರು. ಬಿಟ್ಟಿಲ್ಲ. ವರ್ಷಕ್ಕೊಮ್ಮೆ ಹೋಗಿ ತೋರಿಸುತ್ತೇನೆ. ಕಳೆದ ಸಲ ಆ ಚೂರೂ ಇರಲಿಲ್ಲ.

ಬಸ್ ನಿಲ್ದಾಣದಲ್ಲಿ ನಿಮ್ಮ ಅವ್ವ ಇದ್ದಕ್ಕಿದ್ದಂತೆ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು, ಅಷ್ಟು ಜನರ ನಡುವೆ. ನನಗೆ ನಾಚಿಕೆಯಾಯಿತು. ಆದರೆ ಅದು ಹಳೆಯ ನಾಚಿಕೆಯಲ್ಲ, ಬಹುಮಾನ ತೆಗೆದುಕೊಳ್ಳಲು ಹೆಸರು ಕೂಗಿದಾಗ ಆಗುವಂಥದ್ದು.

ಮಕ್ಕಳೇ, ಈ ರೋಗ ನಮ್ಮ ಮನೆಯ ಅನ್ನದ ತಾಟಿನಲ್ಲಿ ಹುಟ್ಟಿದ್ದು, ನಾಳೆ ನಿಮ್ಮನ್ನೂ ಕೇಳಿಕೊಂಡು ಬರಬಹುದು. ಬಂದರೆ ಮುಚ್ಚಿಡಬೇಡಿ, ಮೊದಲು ಮನೆಯವರಿಗೆ ಹೇಳಿ. ನಾನು ಇರುವಾಗಲಾದರೆ ನನಗೆ ಹೇಳಿ. ಇಲ್ಲದಿದ್ದರೆ ಇದನ್ನು ಓದಿಕೊಳ್ಳಿ. ಮಳೆಗಾಲದಲ್ಲಿ ನಮ್ಮ ಮನೆಯ ಗೋಡೆಗೆ ಥಂಡಿ ಹತ್ತುತ್ತದೆ, ಗೆದ್ದಲೂ ಇದೆ. ಈ ಹಾಳೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ನಿಮ್ಮ ಮಾರ್ಕ್ಸ್ ಕಾರ್ಡುಗಳ ಜೊತೆಗೆ ಇಡಿ. ಅವುಗಳಷ್ಟೇ ಜೋಪಾನ ಮಾಡಿ, ಇದು ಆಯಿ ಪಾಸಾದ ಕಾಗದ.